ಶೇಕಡಾ ಎಷ್ಟು ಅನ್ನುವ ಮೊದಲು, ಯಾರಲ್ಲಿ ಅಂತ ಕೇಳಿ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಹಂತದ ಅಂಕಿಅಂಶಗಳು 2020ರ ಡಿಸೆಂಬರ್‌ನಲ್ಲಿ ಹೊರಬಂದಾಗ ನಾನೊಂದು ವರದಿ ಬರೆಯಲು ಕೂತಿದ್ದೆ. ಕರ್ನಾಟಕದ ಹಾಳೆಯಲ್ಲಿ ಒಂದು ಸಂಖ್ಯೆ ಕಣ್ಣಿಗೆ ಹೊಡೆಯುವಂತಿತ್ತು. ಗಂಡನಿಂದ ಹಿಂಸೆ ಅನುಭವಿಸಿದ ಮಹಿಳೆಯರ ಪ್ರಮಾಣ ನಾಲ್ಕನೇ ಸಮೀಕ್ಷೆಯಲ್ಲಿ ಶೇ. 20.6 ಇದ್ದದ್ದು ಶೇ. 44.4ಕ್ಕೆ ಏರಿತ್ತು. ಲಾಕ್‌ಡೌನ್ ಮುಗಿದು ಕೆಲವೇ ತಿಂಗಳಾಗಿತ್ತು. ಎರಡನ್ನೂ ಗಂಟು ಹಾಕಿ ತಲೆಬರಹ ಬರೆದೇಬಿಟ್ಟೆ. ಡೆಸ್ಕ್‌ನಲ್ಲಿದ್ದ ಹಿರಿಯರೊಬ್ಬರು ಓದಿ ಎರಡೇ ಪ್ರಶ್ನೆ ಕೇಳಿದರು: "ಇದನ್ನ ಯಾವಾಗ ಕೇಳಿದ್ದು? ಯಾರನ್ನ ಕೇಳಿದ್ದು ಮಾರಾಯ?"

ಹುಡುಕಿದೆ. ಕರ್ನಾಟಕದಲ್ಲಿ ಸಮೀಕ್ಷೆಯವರು ಮನೆಮನೆಗೆ ಹೋಗಿದ್ದು 2019ರ ದ್ವಿತೀಯಾರ್ಧದಲ್ಲಿ. ಆಗ ಕೋವಿಡ್ ಅನ್ನುವ ಹೆಸರೂ ಹುಟ್ಟಿರಲಿಲ್ಲ. ನನ್ನ ತಲೆಬರಹ ಕಸದ ಬುಟ್ಟಿಗೆ ಹೋಯಿತು.

ಎರಡನೇ ಪ್ರಶ್ನೆಯ ಉತ್ತರ ಇನ್ನೂ ಉದ್ದ. ಆ 44.4 'ಕರ್ನಾಟಕದ ಮಹಿಳೆಯರ' ಲೆಕ್ಕ ಅಲ್ಲ. 18ರಿಂದ 49 ವರ್ಷದೊಳಗಿನ, ಒಮ್ಮೆಯಾದರೂ ಮದುವೆಯಾದ ಮಹಿಳೆಯರದ್ದು. ವಿಧವೆಯರು, ಗಂಡನಿಂದ ಬೇರೆಯಾದವರು ಇದರಲ್ಲಿ ಸೇರುತ್ತಾರೆ. ಮದುವೆಯೇ ಆಗದವರು ಇಲ್ಲ, 50 ದಾಟಿದವರೂ ಇಲ್ಲ. ಅಳೆದದ್ದು ದೈಹಿಕ ಮತ್ತು ಲೈಂಗಿಕ ಹಿಂಸೆಯನ್ನು. ಅದೂ 'ಯಾವಾಗಲಾದರೂ' ಆಗಿದ್ದನ್ನು, ಕಳೆದ ವರ್ಷದ್ದನ್ನು ಮಾತ್ರ ಅಲ್ಲ. ಈ ಪ್ರಶ್ನೆಗಳನ್ನು ಎಲ್ಲ ಮನೆಗಳಲ್ಲೂ ಕೇಳುವುದಿಲ್ಲ. ಮಾದರಿಯ ಸುಮಾರು ಶೇ. 15ರಷ್ಟು ಮನೆಗಳಲ್ಲಿ, ಮನೆಗೊಬ್ಬ ಮಹಿಳೆಯನ್ನು ಮಾತ್ರ ಆರಿಸಿ ಕೇಳುತ್ತಾರೆ. ಜೊತೆಗೆ ಬೇರೆ ಯಾರೂ ಇರಬಾರದು. ಏಕಾಂತ ಸಿಗದಿದ್ದರೆ ಪ್ರಶ್ನೆಯನ್ನೇ ಕೈಬಿಡುತ್ತಾರೆ. ಆಕೆಯ ಸುರಕ್ಷತೆಗಾಗಿ ಇದು ಸರಿಯಾದ ನಿಯಮ. ಆದರೆ ಅತ್ತೆಯೋ ಗಂಡನೋ ಬಾಗಿಲಲ್ಲೇ ನಿಂತು ಒಂದು ಕ್ಷಣವೂ ಕದಲದ ಮನೆಯ ಹೆಂಗಸು ಈ ಲೆಕ್ಕದಿಂದ ಹೊರಗುಳಿಯುತ್ತಾಳೆ ಅನ್ನುವುದನ್ನು ಯಾವ ಕೋಷ್ಟಕವೂ ಎದ್ದು ಹೇಳುವುದಿಲ್ಲ.

ಇಷ್ಟನ್ನೂ ಒಟ್ಟಿಗೆ ಹಿಡಿದಿಡುವ ಪದ ನಮ್ಮ ಪ್ರೈಮರಿ ಶಾಲೆಯ ಗಣಿತದಲ್ಲೇ ಇದೆ: ಛೇದ. ಗೆರೆಯ ಮೇಲಿನ ಅಂಶಕ್ಕೆ ಎಲ್ಲರ ಗಮನ, ಕೆಳಗಿನ ಛೇದಕ್ಕೆ ಯಾರೂ ಇಲ್ಲ. ಸಮೀಕ್ಷೆಯ ಉತ್ತರಗಳನ್ನು ಷರತ್ತು ಹಾಕಿ ಸೋಸುವುದು ಅಂದ್ರೆ ಛೇದವನ್ನು ಬದಲಿಸುವುದೇ. ಇಂಜಿನಿಯರಿಂಗ್‌ನಲ್ಲಿ ಡೇಟಾಬೇಸ್ ಪಾಠ ಮಾಡುವಾಗ 'ವೇರ್' ಅನ್ನುವ ಒಂದು ಸಾಲು ಬರೆಯಲು ಕಲಿಸುತ್ತಾರೆ. 'ವಯಸ್ಸು 18ಕ್ಕಿಂತ ಹೆಚ್ಚಿದ್ದರೆ' ಅಂತ ಬರೆದರೆ ಉಳಿದವರು ಮಾಯ. ಹಾಗೆ ಮಾಯವಾದವರು ಯಾರು ಅಂತ ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಂದು ತಾಲ್ಲೂಕಿನಲ್ಲಿ 1000 ಮಹಿಳೆಯರನ್ನು ಮಾತಾಡಿಸಿದಿರಿ. 'ಕಳೆದ 5 ವರ್ಷದಲ್ಲಿ ಹೆರಿಗೆ ಆಗಿದೆಯಾ?' ಅಂದರೆ 200 ಜನ ಹೌದು ಅಂದರು. ಅವರನ್ನು ಮಾತ್ರ 'ಎಲ್ಲಿ ಆಯ್ತು?' ಅಂತ ಕೇಳಿದಿರಿ. 150 ಜನ ಸರ್ಕಾರಿ ಆಸ್ಪತ್ರೆ ಅಂದರು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರು ಶೇ. 75. ಆದರೆ ಎಕ್ಸೆಲ್ ಹಾಳೆಯಲ್ಲಿ ಉಳಿದ 800 ಸಾಲುಗಳಲ್ಲಿ ಆ ಅಂಕಣ ಖಾಲಿ ಇರುತ್ತದೆ. ಖಾಲಿಯನ್ನು 'ಇಲ್ಲ' ಅಂತ ಓದಿದರೆ ಶೇಕಡಾ 15ಕ್ಕೆ ಇಳಿಯುತ್ತದೆ, ಆಸ್ಪತ್ರೆಗಳ ಮಾನ ಹರಾಜಾಗುತ್ತದೆ. ಖಾಲಿಗೂ ಮೂರು ಬಗೆ ಇದೆ: ಪ್ರಶ್ನೆ ಅನ್ವಯಿಸದೆ ಬಿಟ್ಟದ್ದು, ಕೇಳಿದರೂ ಉತ್ತರಿಸದ್ದು, ಕೇಳುವವರೇ ಮರೆತದ್ದು. ಮೊದಲನೆಯದನ್ನು ಮಾತ್ರ ನಿಶ್ಚಿಂತೆಯಿಂದ ಛೇದದ ಹೊರಗಿಡಬಹುದು. ಉಳಿದೆರಡು ಎಷ್ಟಿವೆ ಅಂತ ಎಣಿಸಿ ಓದುಗರಿಗೆ ಹೇಳಬೇಕು.

ನಿರುದ್ಯೋಗದ ಸಂಖ್ಯೆಗೆ ಬಂದರೆ ಈ ಆಟ ರಾಜಕೀಯವೂ ಆಗುತ್ತದೆ. 2023-24ರ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟವರಲ್ಲಿ ನಿರುದ್ಯೋಗ ದರ ಶೇ. 3.2. ಅದೇ ಸಮೀಕ್ಷೆಯಲ್ಲಿ 15ರಿಂದ 29ರ ವಯಸ್ಸಿನವರನ್ನಷ್ಟೇ ಸೋಸಿದರೆ ಶೇ. 10.2. ಎರಡೂ ಸುಳ್ಳಲ್ಲ; ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಟಿವಿ ಚರ್ಚೆಗೆ ತರುತ್ತಾರೆ ಅಷ್ಟೇ. ಎರಡರ ಛೇದದಲ್ಲೂ ಇರುವುದು ಕೆಲಸ ಮಾಡುತ್ತಿರುವವರು ಮತ್ತು ಕೆಲಸಕ್ಕೆ ಸಿದ್ಧರಿರುವವರು ಮಾತ್ರ. ಹುಡುಕಿ ಸಾಕಾಗಿ ಆಸೆಯನ್ನೇ ಬಿಟ್ಟು ಮನೆಯಲ್ಲಿ ಕೂತವರು ನಿರುದ್ಯೋಗಿಗಳೂ ಅಲ್ಲ, ಛೇದದಲ್ಲೂ ಇಲ್ಲ.

ಮತ್ತೆ ಆರೋಗ್ಯ ಸಮೀಕ್ಷೆಗೆ ಬರೋಣ. ಜಿಲ್ಲಾ ವರದಿಗಾರರಿಗೆ ಹೆಚ್ಚು ಏಟು ಬೀಳುವುದು ಇಲ್ಲೇ. ಐದನೇ ಸಮೀಕ್ಷೆ ದೇಶದ 707 ಜಿಲ್ಲೆಗಳಲ್ಲಿ 7,24,115 ಮಹಿಳೆಯರನ್ನು ಮಾತಾಡಿಸಿತು. ಅಂದ್ರೆ ಜಿಲ್ಲೆಗೆ ಸರಾಸರಿ ಸಾವಿರ ಚಿಲ್ಲರೆ. ಅವರ 5 ವರ್ಷದೊಳಗಿನ ಮಕ್ಕಳು ಸುಮಾರು 300 ಅಂದುಕೊಳ್ಳಿ. ಹಿಂದಿನ 2 ವಾರದಲ್ಲಿ ಭೇದಿಯಾದ ಮಕ್ಕಳು ದೇಶದ ಮಟ್ಟದಲ್ಲಿ ಶೇ. 7.3. ಆ ಲೆಕ್ಕಕ್ಕೆ ಜಿಲ್ಲೆಯಲ್ಲಿ ಉಳಿಯುವುದು ಇಪ್ಪತ್ತು ಚಿಲ್ಲರೆ ಮಕ್ಕಳು. 'ಭೇದಿಯಾದವರಲ್ಲಿ ಎಷ್ಟು ಮಕ್ಕಳಿಗೆ ಓಆರ್‌ಎಸ್ ಸಿಕ್ಕಿತು' ಅನ್ನುವ ಸೂಚಕದ ಛೇದ ಅಷ್ಟೇ! ಒಂದೆರಡು ಮನೆಯ ಉತ್ತರ ಬದಲಾದರೆ ಜಿಲ್ಲೆಯ ಸ್ಥಾನವೇ ಬದಲಾಗುತ್ತದೆ.

ಸಮೀಕ್ಷೆ ನಡೆಸುವವರಿಗೆ ಇದು ಗೊತ್ತು. ಅದಕ್ಕೇ ಅವರ ವರದಿಗಳಲ್ಲಿ 25ರಿಂದ 49 ಪ್ರಕರಣಗಳ ಆಧಾರದ ಶೇಕಡಾವನ್ನು ಆವರಣದೊಳಗೆ ಹಾಕುತ್ತಾರೆ. 25ಕ್ಕಿಂತ ಕಡಿಮೆಯಾದರೆ ಸಂಖ್ಯೆ ಕೊಡದೆ ನಕ್ಷತ್ರ ಚಿಹ್ನೆ ಇಡುತ್ತಾರೆ. ಪತ್ರಿಕೆಗೆ ಬರುವಷ್ಟರಲ್ಲಿ ಆವರಣ ಕಳಚಿ ಬಿದ್ದಿರುತ್ತದೆ. ಆಮೇಲೆ 'ಓಆರ್‌ಎಸ್: ನಮ್ಮ ಜಿಲ್ಲೆ ಹಿಂದೆ' ಅಂತ ತಲೆಬರಹ, ಅದನ್ನು ಹಿಡಿದು ಆಶಾ ಕಾರ್ಯಕರ್ತೆಯರಿಗೆ ಸಭೆಯಲ್ಲಿ ಬೈಗುಳ.

ಹಾಗಂತ ಸೋಸುವುದೇ ತಪ್ಪಲ್ಲ. ದೇಶದಲ್ಲಿ 'ಸಮರ್ಪಕ ಆಹಾರ' ಸಿಗುವ ಮಕ್ಕಳು ಶೇ. 11.3 ಮಾತ್ರ ಅನ್ನುವ ಭಯಾನಕ ಸಂಖ್ಯೆ ಸಿಕ್ಕಿದ್ದೇ 6ರಿಂದ 23 ತಿಂಗಳ ಮಕ್ಕಳನ್ನು ಪ್ರತ್ಯೇಕಿಸಿ ನೋಡಿದ್ದರಿಂದ. ಷರತ್ತನ್ನು ಮೊದಲೇ ತೀರ್ಮಾನಿಸಬೇಕು, ಅಷ್ಟೇ. ಡೇಟಾ ತೆರೆದಿಟ್ಟುಕೊಂಡು ವಯಸ್ಸು, ಜಾತಿ, ಊರು ಅಂತ ಒಂದೊಂದೇ ಜರಡಿ ಹಿಡಿಯುತ್ತಾ ಹೋದರೆ ಎಲ್ಲೋ ಒಂದು ಕಡೆ ಬೆಚ್ಚಿಬೀಳಿಸುವ ಸಂಖ್ಯೆ ಉದುರೇ ಉದುರುತ್ತದೆ. ಅದು ಸುದ್ದಿಯಲ್ಲ, ಕಾಕತಾಳೀಯ. ನಾನೂ ಹಾಗೆ ಜರಡಿ ಹಿಡಿದು ಕೂತಿದ್ದುಂಟು.

ಈಗ ನನ್ನ ಅಭ್ಯಾಸ ಏನೆಂದರೆ, ಕೋಷ್ಟಕದ ಶೀರ್ಷಿಕೆಯನ್ನೂ ಅಡಿಟಿಪ್ಪಣಿಯನ್ನೂ ಸಂಖ್ಯೆಗಿಂತ ಮೊದಲು ಓದುವುದು. ಪ್ರಶ್ನಾವಳಿ ಸಿಕ್ಕರೆ ಅದನ್ನೂ ತೆಗೆದು 'ಇಲ್ಲ ಎಂದರೆ ಇಂಥ ಪ್ರಶ್ನೆಗೆ ಹೋಗಿ' ಅನ್ನುವ ಬಾಣಗಳನ್ನು ಬೆರಳಿಟ್ಟು ಹಿಂಬಾಲಿಸುತ್ತೇನೆ. ಯಾರು ಎಲ್ಲಿ ಹೊರಬಿದ್ದರು ಅನ್ನುವುದು ಅಲ್ಲಿ ಕಾಣುತ್ತದೆ.

ಆ ದಿನದ ವರದಿ ಕೊನೆಗೂ ಪ್ರಕಟವಾಯಿತು. ಮೊದಲ ಸಾಲು ಹೀಗಿತ್ತು: 'ಕೋವಿಡ್‌ಗೂ ಮುನ್ನ, 2019ರಲ್ಲಿ ಕರ್ನಾಟಕದಲ್ಲಿ ಮಾತಾಡಿಸಿದ, ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 44.4 ಮಂದಿ, ಗಂಡನಿಂದ ಎಂದಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿಕೊಂಡಿದ್ದಾರೆ.' ಹಿಂಸೆಯೇ ದುಪ್ಪಟ್ಟಾಯಿತೋ, ಬಾಯಿಬಿಟ್ಟು ಹೇಳುವವರು ಹೆಚ್ಚಾದರೋ ಎಂಬುದನ್ನು ಈ ಸಂಖ್ಯೆಯೊಂದೇ ಹೇಳಲಾರದು ಅಂತ ಎರಡನೇ ಪ್ಯಾರಾದಲ್ಲಿ ಬರೆದೆ. ಸಾಲು ಉದ್ದವಾಯ್ತು ಅಂತ ಡೆಸ್ಕ್‌ನ ಹಿರಿಯರು ಗೊಣಗಿದರು, ಆದರೆ ಕತ್ತರಿಸಲಿಲ್ಲ.