ಗೋಡೆ ಕೊಟ್ಟವರು ಮತ್ತು ಚಿತ್ರ ಬರೆದವರು

ಕಲೆಗೆ ಸಾರ್ವಜನಿಕ ಹಣ ಕೇಳುವವನಿಗೆ ಅನೇಕ ಸಲ ಜೊತೆಗೊಂದು ಸಂಸ್ಥೆ ಬೇಕಾಗುತ್ತದೆ. ಆ ಜೊತೆಗಾರಿಕೆಯ ಬೆಲೆಯೇನೆಂದು ನ್ಯೂಯಾರ್ಕಿನ ಒಂದು ಆಸ್ಪತ್ರೆಯ ಗೋಡೆಗಳು ಹೇಳುತ್ತವೆ.

1935ರಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ಅಮೆರಿಕ ಸರಕಾರ ಫೆಡರಲ್ ಆರ್ಟ್ ಪ್ರಾಜೆಕ್ಟ್ ಆರಂಭಿಸಿ ನಿರುದ್ಯೋಗಿ ಕಲಾವಿದರಿಗೆ ಸಂಬಳ ಕೊಟ್ಟಿತು. ಆದರೆ ಭಿತ್ತಿಚಿತ್ರಕ್ಕೆ ಗೋಡೆ ಬೇಕಲ್ಲ? ಹಣ ಸರಕಾರದ್ದು, ಹಾರ್ಲೆಮ್ ಆಸ್ಪತ್ರೆಯ ಗೋಡೆ ನಗರಾಡಳಿತದ್ದು. 1936ರಲ್ಲಿ ಚಾರ್ಲ್ಸ್ ಆಲ್‌ಸ್ಟನ್ ನೇತೃತ್ವದ ಕಲಾವಿದರು ಕೊಟ್ಟ ಕರಡುಗಳಲ್ಲಿ ನಾಲ್ಕನ್ನು ಆಸ್ಪತ್ರೆಯ ಆಡಳಿತ ತಿರಸ್ಕರಿಸಿತು. ಕಾರಣ, ಅವುಗಳಲ್ಲಿ ಕಪ್ಪು ಜನರ ಬದುಕು ಹೆಚ್ಚಾಯಿತಂತೆ! ಆಸ್ಪತ್ರೆ ಇದ್ದದ್ದೇ ಕಪ್ಪು ಜನರ ಬಡಾವಣೆಯಲ್ಲಿ.

ಹಾರ್ಲೆಮ್ ಕಲಾವಿದರ ಸಂಘ ಸುಮ್ಮನಿರಲಿಲ್ಲ. ಪ್ರತಿಭಟನೆ ನಡೆಯಿತು, ಕೊನೆಗೆ ಆಡಳಿತ ಮಣಿಯಿತು. ಆಲ್‌ಸ್ಟನ್ನರ ಜೋಡಿ ಚಿತ್ರಗಳು ಗೋಡೆಗೇರಿದವು: ಒಂದರಲ್ಲಿ ಆಫ್ರಿಕದ ಪಾರಂಪರಿಕ ವೈದ್ಯ, ಇನ್ನೊಂದರಲ್ಲಿ ಕಪ್ಪು, ಬಿಳಿಯರು ಕೂಡಿ ದುಡಿಯುವ ಆಧುನಿಕ ವೈದ್ಯಲೋಕ. 2012ರಲ್ಲಿ ಅದೇ ಆಸ್ಪತ್ರೆ ತನ್ನ ಹೊಸ ಕಟ್ಟಡಕ್ಕೆ ಈ ಭಿತ್ತಿಚಿತ್ರಗಳ ಹೆಸರನ್ನೇ ಇಟ್ಟಿತು.

ಅರ್ಜಿಗೆ ಸಂಸ್ಥೆಯ ಮೊಹರು ಬೇಕು, ನಿಜ. ಆದರೆ ಚಿತ್ರದಲ್ಲಿ ಯಾರ ಮುಖವಿರಬೇಕೆಂಬುದನ್ನೂ ಮೊಹರೇ ತೀರ್ಮಾನಿಸುವುದಾದರೆ, ಆ ಮಾತನ್ನು ಸಹಿಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಹಾರ್ಲೆಮಿನವರಿಗೆ ಬೀದಿಯಲ್ಲಿ ನಿಂತು ಕೇಳಿಕೊಳ್ಳಬೇಕಾಯಿತು.