ದಾರಿ ಖರ್ಚು

1959ರ ಸೆಪ್ಟೆಂಬರ್‌ನಲ್ಲಿ ಕೆನ್ಯಾದ 81 ವಿದ್ಯಾರ್ಥಿಗಳನ್ನು ಹೊತ್ತ ವಿಮಾನ ನೈರೋಬಿಯಿಂದ ನ್ಯೂಯಾರ್ಕಿಗೆ ಹೊರಟಿತು. ಬ್ರಿಟಿಷರ ಕೈಯಲ್ಲಿದ್ದ ಆ ನಾಡಿಗೆ ತನ್ನದೆನ್ನುವ ವಿಶ್ವವಿದ್ಯಾಲಯವೇ ಇರಲಿಲ್ಲ. ಅಮೆರಿಕದ ಕಾಲೇಜುಗಳು ಸೀಟು, ವಿದ್ಯಾರ್ಥಿವೇತನ ಕೊಡಲು ಒಪ್ಪಿದ್ದವು. ಇಲ್ಲದಿದ್ದುದು ವಿಮಾನದ ದುಡ್ಡು. ಕಾರ್ಮಿಕ ನಾಯಕ ಟಾಮ್ ಎಂಬೋಯಾ ಅದಕ್ಕಾಗಿ ಅಮೆರಿಕ ಸುತ್ತಿದರು. ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್, ಗಾಯಕ ಹ್ಯಾರಿ ಬೆಲಫಾಂಟೆ, ನಟ ಸಿಡ್ನಿ ಪೊಯ್ಟಿಯರ್ ಜನರಲ್ಲಿ ಚಂದಾ ಕೇಳಿದರು. ಮರುವರ್ಷ ಕೆನಡಿ ಕುಟುಂಬದ ಪ್ರತಿಷ್ಠಾನ 1 ಲಕ್ಷ ಡಾಲರ್ ಕೊಟ್ಟಿತು. ಆ ವರ್ಷ ಹೋದವರಲ್ಲಿ ವಂಗಾರಿ ಮಾಥಾಯ್ ಒಬ್ಬರು. 2004ರ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೆ ಬಂತು.

2014ರಲ್ಲಿ ಯೇಲ್ ವಿಶ್ವವಿದ್ಯಾಲಯ ಈ ದಾರಿಯನ್ನು ತಿರುವುಮುರುವು ಮಾಡಿತು. ‘ಯೇಲ್ ಯಂಗ್ ಆಫ್ರಿಕನ್ ಸ್ಕಾಲರ್ಸ್’ ಎಂಬ ಬೇಸಿಗೆ ಶಿಬಿರವನ್ನು ಆಫ್ರಿಕಾದಲ್ಲೇ ಶುರು ಮಾಡಿತು. ಘಾನಾ, ರುವಾಂಡಾ, ಜಿಂಬಾಬ್ವೆಗಳಲ್ಲಿ ಅದು ನಡೆದಿದೆ. (ಬೇಸಿಗೆ ಎಂಬುದು ಯೇಲ್‌ನ ಪಂಚಾಂಗದ ಮಾತು, ಜುಲೈ ಎಂದರೆ ಜಿಂಬಾಬ್ವೆಯಲ್ಲಿ ಚಳಿಗಾಲ.) ಪ್ರೌಢಶಾಲೆಯ ಮಕ್ಕಳಿಗೆ ಉಪನ್ಯಾಸ, ಚರ್ಚೆ, ನಾಯಕತ್ವದ ತರಬೇತಿ, ಜೊತೆಗೆ ವಿದೇಶಿ ಕಾಲೇಜಿಗೆ ಅರ್ಜಿ ಬರೆಯುವ ಪಾಠ. ಅಂದರೆ ಹೊರಡುವ ಸಿದ್ಧತೆ ಈಗಲೂ ಉಂಟು.

ಕಲಿಕೆ, ಊಟ, ವಸತಿ ಎಲ್ಲ ಉಚಿತ. ಶಿಬಿರದ ತನಕ ಬರುವ ಖರ್ಚು ಮಾತ್ರ ಸಾಮಾನ್ಯವಾಗಿ ಮನೆಯವರದು. ತೀರಾ ಕಷ್ಟದಲ್ಲಿರುವ ಕೆಲವರಿಗಷ್ಟೇ ನೆರವು. ಆಫ್ರಿಕಾದೊಳಗೆ ಒಂದು ದೇಶದಿಂದ ಇನ್ನೊಂದಕ್ಕೆ ವಿಮಾನದ ಟಿಕೆಟ್ಟು ಅಗ್ಗವಲ್ಲ.