ಸಿಯಾಟಲ್ ಅಗ್ನಿಶಾಮಕ ಇಲಾಖೆ ಮತ್ತು ಹೃದಯಸ್ತಂಭನ: ಎರಡು ವರದಿಗಳ ನಡುವಿನ ಒಂದು ವ್ಯತ್ಯಾಸ

1. ವ್ಯಾಪ್ತಿ

ಅಮೆರಿಕದ ಸಿಯಾಟಲ್‌ನಲ್ಲಿ ತುರ್ತು ವೈದ್ಯಕೀಯ ಸೇವೆ ನಗರದ ಅಗ್ನಿಶಾಮಕ ಇಲಾಖೆಯದು. ಹೃದಯಸ್ತಂಭನದ ಕರೆ ಬಂದರೆ ಹತ್ತಿರದ ಠಾಣೆಯ ಫೈರ್ ಎಂಜಿನ್ ಸಾಮಾನ್ಯವಾಗಿ ಮೊದಲು ತಲುಪುತ್ತದೆ. ಅದರ ಸಿಬ್ಬಂದಿಗೆ ಎದೆ ಒತ್ತುವುದೂ (ಸಿಪಿಆರ್) ಸೇರಿದಂತೆ ಮೂಲಭೂತ ತುರ್ತು ಚಿಕಿತ್ಸೆಯ ತರಬೇತಿ ಇರುತ್ತದೆ. ಔಷಧ ಕೊಡುವ, ಶ್ವಾಸನಾಳಕ್ಕೆ ಕೊಳವೆ ಹಾಕುವ ಪ್ಯಾರಾಮೆಡಿಕ್‌ಗಳ ವಾಹನಗಳ ಸಂಖ್ಯೆ ಕಡಿಮೆ, ಹಾಗಾಗಿ ಅವು ಹೆಚ್ಚಾಗಿ ನಂತರ ಬರುತ್ತವೆ. ಮೊದಲು ಬಂದವರ ಕೈಗೇ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರ (ಡಿಫಿಬ್ರಿಲೇಟರ್) ಕೊಟ್ಟರೆ ಬದುಕುಳಿಯುವವರು ಹೆಚ್ಚುತ್ತಾರೆಯೇ ಎಂಬ ಪ್ರಶ್ನೆಗೂ ಶಾಕ್‌ಗೆ ಮೊದಲು ಸಿಪಿಆರ್ ಬೇಕೇ ಎಂಬ ಅದರ ಮುಂದುವರಿಕೆಗೂ ಈ ಟಿಪ್ಪಣಿ ಸೀಮಿತ.

2. ಆರಂಭದ ಕಾಲ

ಸೇವೆಯ ಹೆಸರು ‘ಮೆಡಿಕ್ ಒನ್’. ಹೃದ್ರೋಗ ತಜ್ಞ ಲೆನರ್ಡ್ ಕಾಬ್ ಮತ್ತು ಅಗ್ನಿಶಾಮಕ ಮುಖ್ಯಸ್ಥ ಗಾರ್ಡನ್ ವಿಕರಿ ಇದನ್ನು ರೂಪಿಸಿದರು. ಆರಂಭ 1969ರಲ್ಲಿ ಎಂದೂ 1970ರಲ್ಲಿ ಎಂದೂ ಹೇಳಲು ಅವಕಾಶವಿದೆ: ಮೊದಲನೆಯದು ಸಿಬ್ಬಂದಿಯ ತರಬೇತಿ ಶುರುವಾದ ವರ್ಷ, ಎರಡನೆಯದು ವಾಹನ ರಸ್ತೆಗಿಳಿದ ವರ್ಷ (ಮಾರ್ಚ್ 1970). ಪ್ಯಾರಾಮೆಡಿಕ್‌ಗಳಿಗೆ ಮಾನ್ಯತೆ ಕೊಟ್ಟ ವಾಷಿಂಗ್ಟನ್ ರಾಜ್ಯದ ಕಾನೂನು ಬಂದದ್ದು 1971ರಲ್ಲಿ. ಇಲ್ಲಿ 1970ನ್ನು ಬಳಸಲಾಗಿದೆ.

‘ಮೊದಲನೆಯದು’ ಎಂಬ ವಿಶೇಷಣವನ್ನು ಕೈಬಿಡುವುದು ಮೇಲು. ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ಅವರ ಸಂಚಾರಿ ಹೃದಯ ಘಟಕ 1966ರಲ್ಲೇ ಇತ್ತು, ಆದರೆ ಅದು ಆಸ್ಪತ್ರೆಯದು, ವೈದ್ಯರೇ ಹೋಗುತ್ತಿದ್ದರು. ಮಯಾಮಿ ಮತ್ತು ಲಾಸ್ ಏಂಜಲೀಸ್‌ನ ಅಗ್ನಿಶಾಮಕ ಇಲಾಖೆಗಳಲ್ಲೂ ಇದೇ ಕಾಲಕ್ಕೆ ಸಮಾನಾಂತರ ಪ್ರಯತ್ನಗಳು ನಡೆದಿದ್ದವು.

3. ವ್ಯತ್ಯಾಸ

3.1. 1988ರ ವರದಿ (ವೀವರ್ ಮತ್ತು ಇತರರು, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್). ಅಗ್ನಿಶಾಮಕ ಸಿಬ್ಬಂದಿಯೇ ಸ್ವಯಂಚಾಲಿತ ಡಿಫಿಬ್ರಿಲೇಟರ್ ಬಳಸಿದ 276 ರೋಗಿಗಳಲ್ಲಿ 84 ಮಂದಿ (ಶೇ 30) ಬದುಕಿದರು. ಸಿಬ್ಬಂದಿ ಸಿಪಿಆರ್ ಮಾತ್ರ ಮಾಡಿ, ಪ್ಯಾರಾಮೆಡಿಕ್‌ಗಳು ಬಂದ ಮೇಲೆ ಮೊದಲ ಶಾಕ್ ಸಿಕ್ಕ 228 ಮಂದಿಯಲ್ಲಿ ಬದುಕಿದವರು 44 (ಶೇ 19).

3.2. 1999ರ ವರದಿ (ಕಾಬ್ ಮತ್ತು ಇತರರು, ಜಾಮಾ). ಈ ಯಂತ್ರಗಳನ್ನು ಸೇರಿಸಿದ್ದರಿಂದ ಸಿಯಾಟಲ್‌ನಲ್ಲಿ ಬದುಕುಳಿಯುವ ಪ್ರಮಾಣ ಸುಧಾರಿಸಲಿಲ್ಲ ಎಂಬುದೇ ಇದರ ಆರಂಭಬಿಂದು.

ಇವು ಎದುರಾಳಿ ಗುಂಪುಗಳ ಮಾತುಗಳಲ್ಲ. ಕಾಬ್ ಎರಡೂ ವರದಿಗಳ ಲೇಖಕರಲ್ಲೊಬ್ಬರು. ಊರೂ ಇಲಾಖೆಯೂ ಅವೇ. ಆದ್ದರಿಂದಲೇ ಈ ವ್ಯತ್ಯಾಸ ಗಂಭೀರ ಗಮನಕ್ಕೆ ಅರ್ಹ.

3.3. ಸಂಭವನೀಯ ವಿವರಣೆ. 1988ರ ಶೇ 19 ಇಡೀ ನಗರದ ಸರಾಸರಿಯಲ್ಲ. ಪ್ಯಾರಾಮೆಡಿಕ್‌ಗಳಿಗಾಗಿ ಕಾಯಬೇಕಾಗಿ ಬಂದವರ ಪ್ರಮಾಣ ಮಾತ್ರ. ಪ್ಯಾರಾಮೆಡಿಕ್‌ಗಳು ಬೇಗ ತಲುಪಿದ ಪ್ರಕರಣಗಳನ್ನು ಕೂಡಿಸಿದರೆ ಹಳೆಯ ಪದ್ಧತಿಯ ಒಟ್ಟು ಪ್ರಮಾಣ ಇದಕ್ಕಿಂತ ಮೇಲೇರುವ ಸಾಧ್ಯತೆ ಇದೆ, ಆಗ ಎರಡು ಹೇಳಿಕೆಗಳ ನಡುವಿನ ಅಂತರ ಕಿರಿದಾಗುತ್ತದೆ. ಇದು ಊಹೆ; ಆದರೆ ಎರಡು ವರದಿಗಳಲ್ಲೊಂದನ್ನು ತಳ್ಳಿಹಾಕುವುದಕ್ಕಿಂತ ಹೆಚ್ಚು ಒಪ್ಪತಕ್ಕ ಊಹೆ.

4. ತೊಂಬತ್ತು ಸೆಕೆಂಡು

1999ರ ವರದಿಯ ಪ್ರಕಾರ, 1994ರಿಂದ ಸಿಯಾಟಲ್‌ನಲ್ಲಿ ಕ್ರಮ ಬದಲಾಯಿತು: ಸಿಬ್ಬಂದಿ ಸುಮಾರು 90 ಸೆಕೆಂಡು ಸಿಪಿಆರ್ ಮಾಡಿ ನಂತರವೇ ಯಂತ್ರದ ಕಡೆ ತಿರುಗಬೇಕು. ವೆಂಟ್ರಿಕ್ಯುಲರ್ ಫಿಬ್ರಿಲೇಷನ್ (ಶಾಕ್‌ಗೆ ಸ್ಪಂದಿಸಬಲ್ಲ ಅಸ್ತವ್ಯಸ್ತ ಹೃದಯಲಯ) ಇದ್ದವರಲ್ಲಿ ಬದುಕಿ ಆಸ್ಪತ್ರೆಯಿಂದ ಮನೆಗೆ ಹೋದವರು ಬದಲಾವಣೆಗೆ ಮೊದಲು 639ರಲ್ಲಿ 155 (ಶೇ 24), ನಂತರ 478ರಲ್ಲಿ 142 (ಶೇ 30).

ಈ ಏರಿಕೆ ಸಮನಾಗಿ ಹಂಚಿಕೆಯಾಗಿಲ್ಲ. ಮೊದಲ ತಂಡ ತಲುಪಲು 4 ನಿಮಿಷ ಅಥವಾ ಹೆಚ್ಚು ಹಿಡಿದ ಕಡೆ 321ರಲ್ಲಿ 56 (ಶೇ 17) ಇದ್ದದ್ದು 220ರಲ್ಲಿ 60 (ಶೇ 27) ಆಯಿತು. ಉಳಿದವರಲ್ಲಿ, ಕಳೆದು ನೋಡಿದರೆ, ಸುಮಾರು ಶೇ 31 ಮತ್ತು ಶೇ 32. ಅಂದರೆ ಲಾಭ ಬಹುಪಾಲು ತಡವಾದವರಿಗೆ. ರಕ್ತಸಂಚಾರ ನಿಂತು ಹೊತ್ತಾದ ಹೃದಯಸ್ನಾಯುವಿಗೆ ಶಾಕ್‌ಗೆ ಮೊದಲು ಸ್ವಲ್ಪ ರಕ್ತ ಸಿಗಬೇಕು ಎಂಬ, ಪ್ರಾಣಿಪ್ರಯೋಗಗಳಿಂದ ಬಂದ ತರ್ಕಕ್ಕೆ ಇದು ಹೊಂದುತ್ತದೆ. ಆದರೂ ಇದು ಮೊದಲು ಮತ್ತು ನಂತರದ ಹೋಲಿಕೆಯೇ ಹೊರತು ಯಾದೃಚ್ಛಿಕ ಪ್ರಯೋಗವಲ್ಲ. ಆ ವರ್ಷಗಳಲ್ಲಿ ಬೇರೆ ಸಂಗತಿಗಳೂ ಬದಲಾಗಿರಬಹುದು.

5. ನಂತರದ ಪರೀಕ್ಷೆ

ಅಮೆರಿಕ ಮತ್ತು ಕೆನಡಾದ ಹಲವು ಕೇಂದ್ರಗಳ ಯಾದೃಚ್ಛಿಕ ಪ್ರಯೋಗವೊಂದು (ಸ್ಟೀಲ್ ಮತ್ತು ಇತರರು, 2011) 30–60 ಸೆಕೆಂಡು ಮತ್ತು 180 ಸೆಕೆಂಡು ಸಿಪಿಆರ್ ನಂತರ ಹೃದಯದ ಲಯ ಪರಿಶೀಲಿಸುವುದನ್ನು ಹೋಲಿಸಿತು. ರೋಗಿಗಳು 9,933. ತೃಪ್ತಿಕರ ಸ್ಥಿತಿಯಲ್ಲಿ ಬದುಕಿದವರು ಎರಡೂ ಗುಂಪುಗಳಲ್ಲಿ ಶೇ 5.9.

ಈ ಶೇ 5.9ನ್ನು ಸಿಯಾಟಲ್‌ನ ಶೇ 30ರ ಪಕ್ಕದಲ್ಲಿಡುವುದು ತಪ್ಪು. 2011ರ ಪ್ರಯೋಗದ ಛೇದದಲ್ಲಿ ಎಲ್ಲ ಬಗೆಯ ಲಯದ ರೋಗಿಗಳಿದ್ದಾರೆ, ಸಿಯಾಟಲ್‌ನದರಲ್ಲಿ ಶಾಕ್‌ಗೆ ಸ್ಪಂದಿಸಬಲ್ಲ ಲಯದವರು ಮಾತ್ರ. ಅಂಶದಲ್ಲೂ ವ್ಯತ್ಯಾಸವಿದೆ: ಒಂದು ಬದುಕಿದವರನ್ನು ಎಣಿಸುತ್ತದೆ, ಇನ್ನೊಂದು ಬದುಕಿದವರ ಸ್ಥಿತಿಯನ್ನೂ ಪರಿಗಣಿಸುತ್ತದೆ. ಇಂಥ ಗೊಂದಲ ತಪ್ಪಿಸಲೆಂದೇ ನಾರ್ವೆಯ ಉಟ್‌ಸ್ಟೈನ್‌ನಲ್ಲಿ 1990ರಲ್ಲಿ ಸೇರಿದ ತಜ್ಞರು ವರದಿಯ ಏಕರೂಪ ನಮೂನೆಯನ್ನು ಸಿದ್ಧಪಡಿಸಿದ್ದು, ಅದು 1991ರಲ್ಲಿ ಪ್ರಕಟವಾಯಿತು.

2011ರ ಫಲಿತಾಂಶ 1999ರದ್ದನ್ನು ನೇರವಾಗಿ ರದ್ದುಮಾಡುವುದಿಲ್ಲ. 1994ಕ್ಕೆ ಮೊದಲಿನ ಸಿಯಾಟಲ್ ಕ್ರಮದಲ್ಲಿ ಮೊದಲ ಕೆಲಸ ಶಾಕ್; 2011ರ ಪ್ರಯೋಗದಲ್ಲಿ ‘ಬೇಗ’ ಗುಂಪಿಗೂ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಸಿಪಿಆರ್ ಸಿಕ್ಕಿತ್ತು.